'ಪ್ರಿಂಟೆಡ್ ಬೈ', 'ಫಾರ್', 'ಸೋಲ್ಡ್ ಬೈ': ಹಳೆಯ ಅಮೆರಿಕನ್ ಲೇಖಕಿಯರ ಪುಸ್ತಕಗಳಿಗೆ ಪ್ರಕಾಶಕ ಯಾರು?

ಹಳೇಪುಟ:
1800ರ ಹಿಂದುಮುಂದಿನ ಅಮೆರಿಕನ್ ಲೇಖಕಿಯರ ಮೊದಲ ಮುದ್ರಣಗಳ ಪಟ್ಟಿ ಮಾಡುತ್ತಿದ್ದೇನೆ. ಪ್ರಕಾಶಕರ ಕಾಲಂ ತುಂಬುವುದೇ ಕಷ್ಟವಾಗಿದೆ. ಹನ್ನಾ ಫಾಸ್ಟರ್ ಅವರ 'ದಿ ಕೊಕೆಟ್' (ಬಾಸ್ಟನ್, 1797) ಶೀರ್ಷಿಕೆ ಪುಟದಲ್ಲಿ 'ಪ್ರಿಂಟೆಡ್ ಬೈ ಸ್ಯಾಮ್ಯುಯೆಲ್ ಎಥರಿಜ್, ಫಾರ್ ಇ. ಲಾರ್ಕಿನ್, ನಂ. 47, ಕಾರ್ನ್‌ಹಿಲ್' ಎಂದಿದೆ. ಲೇಖಕಿಯ ಹೆಸರಿಲ್ಲ, 'ಮ್ಯಾಸಚೂಸೆಟ್ಸಿನ ಒಬ್ಬ ಮಹಿಳೆ' ಅಷ್ಟೇ. ಫಿಲ್ಲಿಸ್ ವೀಟ್ಲಿ ಅವರ 1773ರ ಕವನ ಸಂಕಲನದಲ್ಲಿ ಲಂಡನ್ನಿನ ಎ. ಬೆಲ್ ಹೆಸರೂ ಇದೆ, ಬಾಸ್ಟನ್ನಿನ ಕಾಕ್ಸ್ ಅಂಡ್ ಬೆರಿ ಹೆಸರೂ ಇದೆ. ಯಾರನ್ನು ಬರೆಯಲಿ? ಇನ್ನೊಂದು ಪ್ರಶ್ನೆ: ಸುಸಾನಾ ರೌಸನ್ ಅವರ 'ಷಾರ್ಲೆಟ್ ಟೆಂಪಲ್' 50,000 ಪ್ರತಿ ಖರ್ಚಾಯಿತು ಎನ್ನುತ್ತಾರೆ. ಆಕೆಗೆ ಏನು ಸಿಗಬೇಕಿತ್ತು?

ಮೊಳೆಪೆಟ್ಟಿಗೆ:
'ಬೈ' ಅಂದರೆ ಅಚ್ಚು ಹಾಕಿದವರು, 'ಫಾರ್' ಅಂದರೆ ದುಡ್ಡು ಹಾಕಿದವರು. ಹಾಗಾಗಿ 'ಕೊಕೆಟ್'ಗೆ ಪ್ರಕಾಶಕ ಎಬೆನೆಜರ್ ಲಾರ್ಕಿನ್, ಎಥರಿಜ್ ಮುದ್ರಕ ಮಾತ್ರ. ನಮ್ಮ ಪುಸ್ತಕಗಳಲ್ಲಿ 'ಮುದ್ರಕರು', 'ಪ್ರಕಾಶಕರು' ಎಂದು ಬೇರೆ ಬೇರೆ ಸಾಲು ಇರುವುದಿಲ್ಲವೇ, ಹಾಗೆಯೇ. ಮರ್ಸಿ ಓಟಿಸ್ ವಾರನ್ ಮೂರು ಸಂಪುಟಗಳಲ್ಲಿ ಬರೆದ ಅಮೆರಿಕನ್ ಕ್ರಾಂತಿಯ ಇತಿಹಾಸ (1805) ಪಕ್ಕದಲ್ಲಿಟ್ಟು ನೋಡಿ: ಮುದ್ರಕರು ಬದಲಾಗಿ ಮ್ಯಾನಿಂಗ್ ಅಂಡ್ ಲೋರಿಂಗ್ ಬಂದಿದ್ದಾರೆ, ಲಾರ್ಕಿನ್ ಹಾಗೇ ಇದ್ದಾನೆ, ಅಂಗಡಿಯ ನಂಬರೂ ಅದೇ 47.

ವೀಟ್ಲಿ ಪುಸ್ತಕಕ್ಕೆ ಪ್ರಕಾಶಕ ಬೆಲ್. 'ಸೋಲ್ಡ್ ಬೈ' ಎಂದಿರುವ ಕಾಕ್ಸ್ ಅಂಡ್ ಬೆರಿ ಬಾಸ್ಟನ್ನಿನ ಮಾರಾಟಗಾರರು. ಆದರೆ ಪಟ್ಟಿಯಲ್ಲಿ ಎಝೆಕಿಯಲ್ ರಸೆಲ್ ಹೆಸರಿಗೂ ಒಂದು ಟಿಪ್ಪಣಿ ಬೇಕು. 1772ರ ಫೆಬ್ರವರಿಯಲ್ಲಿ ಈ ಕವನಗಳನ್ನು ಬಾಸ್ಟನ್ನಿನಲ್ಲೇ ತರಲು ಪ್ರಕಟಣೆ ಕೊಟ್ಟವನು ಅವನು. 300 ಪ್ರತಿಗೆ ಚಂದಾ (ಪುಸ್ತಕ ಬರುವ ಮೊದಲೇ ಕೊಳ್ಳಲು ಹೆಸರು ಕೊಡುವುದು) ಸೇರಿದರೆ ಮೊಳೆ (ಅಚ್ಚಿನ ಅಕ್ಷರ) ಜೋಡಿಸುವುದೆಂದು ಷರತ್ತು. ಒಬ್ಬ ಗುಲಾಮ ಹುಡುಗಿಯ ಪುಸ್ತಕಕ್ಕೆ ಅಷ್ಟು ಜನ ಮುಂದೆ ಬರಲಿಲ್ಲ. ಹಸ್ತಪ್ರತಿ ಲಂಡನ್ನಿಗೆ ಹೋದದ್ದು ಅದರಿಂದ. ಅಮೆರಿಕದಲ್ಲಿ ಅದು ಅಚ್ಚಾದದ್ದು 1786ರಲ್ಲಿ, ಫಿಲಡೆಲ್ಫಿಯಾದ ಜೋಸೆಫ್ ಕ್ರುಕ್‌ಶ್ಯಾಂಕ್ ಅವರಿಂದ. ಅಷ್ಟರಲ್ಲಿ ಆಕೆ ತೀರಿಕೊಂಡು ಎರಡು ವರ್ಷ. 'ಮೊದಲ ಮುದ್ರಣ', 'ಮೊದಲ ಅಮೆರಿಕನ್ ಮುದ್ರಣ' ಎಂದು ಎರಡು ಕಾಲಂ ಮಾಡಿ.

'ಫಾರ್' ಇಲ್ಲವೇ ಇಲ್ಲದ ಪುಸ್ತಕಗಳಲ್ಲಿ ಎಚ್ಚರ. ವಾರನ್ ಅವರ 1790ರ ಕವನಗಳಲ್ಲೂ, ಜುಡಿತ್ ಸಾರ್ಜೆಂಟ್ ಮರ್ರಿ ಅವರ 'ದಿ ಗ್ಲೀನರ್'ನಲ್ಲೂ (1798, ಮೂರು ಸಂಪುಟ) ಬಾಸ್ಟನ್ನಿನ ಥಾಮಸ್ ಅಂಡ್ ಆಂಡ್ರೂಸ್ ಹೆಸರಷ್ಟೇ ಇದೆ. ನೋಡಿದ ಕೂಡಲೇ ಅವರನ್ನೇ ಪ್ರಕಾಶಕರೆಂದು ಬರೆಯಬೇಡಿ, ಚಂದಾದಾರರ ಪಟ್ಟಿ ಇದೆಯೇ ಹುಡುಕಿ. 'ಗ್ಲೀನರ್' ಚಂದಾದಿಂದ ಹೊರಬಂದದ್ದು, ಚಂದಾದಾರರಲ್ಲಿ ಜಾರ್ಜ್ ವಾಷಿಂಗ್ಟನ್ನೂ ಒಬ್ಬರು.

ಹಕ್ಕುಪತ್ರ:
ರೌಸನ್ ವಿಷಯ. ಆ ಕಾದಂಬರಿ ಮೊದಲು ಬಂದದ್ದು ಲಂಡನ್ನಿನಲ್ಲಿ, 1791ರಲ್ಲಿ, ವಿಲಿಯಂ ಲೇನ್‌ನ ಮಿನರ್ವಾ ಪ್ರೆಸ್‌ನಿಂದ. 1790ರ ಅಮೆರಿಕನ್ ಕಾಪಿರೈಟ್ ಕಾಯ್ದೆ ನಾಗರಿಕರಿಗೂ ಅಲ್ಲಿನ ನಿವಾಸಿಗಳಿಗೂ 14 ವರ್ಷದ ಹಕ್ಕು ಕೊಟ್ಟಿತು (ಲೇಖಕರು ಬದುಕಿದ್ದರೆ ಇನ್ನೊಂದು 14). ಹೊರದೇಶದಲ್ಲಿ ಅಚ್ಚಾದ ವಿದೇಶಿಯರ ಪುಸ್ತಕವನ್ನು ಮರುಮುದ್ರಿಸಲು ಅಡ್ಡಿಯಿಲ್ಲ ಎಂದೂ ಬಿಡಿಸಿ ಹೇಳಿತು. ಫಿಲಡೆಲ್ಫಿಯಾದ ಮ್ಯಾಥ್ಯೂ ಕೇರಿ 1794ರಲ್ಲಿ ಮರುಮುದ್ರಿಸಿದಾಗ ರೌಸನ್ ಅದೇ ಊರಿನಲ್ಲಿ ನಾಟಕದ ನಟಿ. ಆದರೂ ಕಾನೂನಿನ ಪ್ರಕಾರ ಆತ ಆಕೆಗೆ ಏನೂ ಕೊಡಬೇಕಾಗಿರಲಿಲ್ಲ. ಅದೇ ಕಾರಣಕ್ಕೆ ಬೇರೆ ಊರಿನ ಮುದ್ರಕರು ಅದನ್ನೇ ಅಚ್ಚು ಹಾಕಿದಾಗ ಕೇರಿಯೂ ತಡೆಯುವಂತಿರಲಿಲ್ಲ. 50,000 ಎಂಬುದು 1812ರಲ್ಲಿ ಕೇರಿ ಆಕೆಗೆ ಬರೆದ ಪತ್ರದಲ್ಲಿನ ಅಂದಾಜು, ಅದಕ್ಕಿಂತ ಎಷ್ಟೋ ಹೆಚ್ಚಿರಬೇಕು ಎಂದು ಅವನ ಮಾತು. ಪಟ್ಟಿಯಲ್ಲಿ ಅದನ್ನು ಅಂದಾಜೆಂದೇ ಬರೆಯಿರಿ. ಹೆಸರೂ ಗಮನಿಸಿ: 1794ರಲ್ಲಿ ಬರೀ 'ಷಾರ್ಲೆಟ್', 'ಷಾರ್ಲೆಟ್ ಟೆಂಪಲ್' ಆದದ್ದು ಕೇರಿಯ 1797ರ ಮುದ್ರಣದಲ್ಲಿ.

ಹಕ್ಕು ಪಡೆಯಲು ಅಂದಿನ ಕ್ರಮ: ಪ್ರಕಟಣೆಗೆ ಮೊದಲು ಶೀರ್ಷಿಕೆಯ ಮುದ್ರಿತ ಪ್ರತಿಯನ್ನು ಜಿಲ್ಲಾ ನ್ಯಾಯಾಲಯದ ಗುಮಾಸ್ತರಿಗೆ ಕೊಟ್ಟು 60 ಸೆಂಟ್ ಶುಲ್ಕ ಕಟ್ಟಬೇಕು. ಎರಡು ತಿಂಗಳೊಳಗೆ ಆ ದಾಖಲೆಯನ್ನು ಪತ್ರಿಕೆಯಲ್ಲಿ ನಾಲ್ಕು ವಾರ ಹಾಕಿಸಬೇಕು. ಪುಸ್ತಕ ಬಂದ ಆರು ತಿಂಗಳೊಳಗೆ ಒಂದು ಪ್ರತಿ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಹೋಗಬೇಕು. ಪುಸ್ತಕದ ಒಳಗೇ ಸೂಚನೆ ಅಚ್ಚಿಸುವುದು ಕಡ್ಡಾಯವಾದದ್ದು 1802ರ ತಿದ್ದುಪಡಿಯಿಂದ. ಅದಕ್ಕಿಂತ ಹಳೆಯ ಪುಸ್ತಕದಲ್ಲಿ ಸೂಚನೆ ಕಾಣಲಿಲ್ಲವೆಂದು 'ಹಕ್ಕು ನೋಂದಣಿಯಾಗಿಲ್ಲ' ಎಂದು ಬರೆದರೆ ತಪ್ಪಾದೀತು. ಜಿಲ್ಲಾ ನ್ಯಾಯಾಲಯದ ದಾಖಲೆ ನೋಡಿಯೇ ಬರೆಯಬೇಕು.

ಮೊಳೆಪೆಟ್ಟಿಗೆ:
ಚಂದಾ ಪುಸ್ತಕವೆಂದರೆ ಲಾಭ ಲೇಖಕಿಗೇ ಹೋಯಿತು ಎಂದೂ ತಿಳಿಯಬೇಡಿ. ಹನ್ನಾ ಆಡಮ್ಸ್ 1784ರಲ್ಲಿ ಧರ್ಮಪಂಥಗಳ ಕೋಶ ತಂದಾಗ ಚಂದಾದಾರರನ್ನು ಹುಡುಕುವ ಹೊಣೆಯೂ ಆಕೆಯದೇ. 400ಕ್ಕೂ ಹೆಚ್ಚು ಜನರನ್ನು ಸೇರಿಸಿದರು. ಚಂದಾ ಹಣವೆಲ್ಲ ಮುದ್ರಕನಿಗೆ, ಆಕೆಗೆ 50 ಪ್ರತಿ, ಅದನ್ನೂ ತಾವೇ ಮಾರಿಕೊಳ್ಳಬೇಕು. (ಗೌರವಧನದ ಬದಲು ಗೌರವ ಪ್ರತಿ ಪಡೆದ ಕನ್ನಡ ಲೇಖಕರಿಗೆ ಇದು ಹೊಸತೇನಲ್ಲ!) 1791ರ ಎರಡನೇ ಮುದ್ರಣದ ಹೊತ್ತಿಗೆ ಪಾದ್ರಿ ಜೇಮ್ಸ್ ಫ್ರೀಮನ್ ಆಕೆಯ ಪರವಾಗಿ ಮುದ್ರಕನೊಡನೆ ಕರಾರು ಮಾಡಿಸಿದರು, ಆಗ ನಾಲ್ಕು ಕಾಸು ಕಂಡಿತು.

ಮುದ್ರಕರು ಮೊದಲೇ ಹಣ ಕೇಳುತ್ತಿದ್ದುದೇಕೆಂದು ಲೆಕ್ಕ ಹಾಕಿ. ಡ್ಯುಯೊಡೆಸಿಮೊ ಅಳತೆಯಲ್ಲಿ ಒಂದು ಹಾಳೆಗೆ 24 ಪುಟ. 240 ಪುಟದ ಕಾದಂಬರಿಗೆ 10 ಹಾಳೆ, 1000 ಪ್ರತಿಗೆ 10,000 ಹಾಳೆ, ಅಂದರೆ 500ರ ಲೆಕ್ಕದಲ್ಲಿ 20 ರೀಮ್ ಚಿಂದಿಬಟ್ಟೆಯ ಕಾಗದ. ಎರಡೂ ಬದಿ ಸೇರಿ 20,000 ಒತ್ತು. ಇಬ್ಬರು ಆಳು ಕೈಪ್ರೆಸ್ಸಿನಲ್ಲಿ ಗಂಟೆಗೆ 250 ಒತ್ತಿದರೂ 80 ಗಂಟೆ, ಮೊಳೆ ಜೋಡಣೆ ಬೇರೆ. ಒಂದು ಪೈಸೆ ಬರುವ ಮೊದಲೇ ಕಾಗದಕ್ಕೆ ದುಡ್ಡು ಸುರಿಯಬೇಕು. ಮೊಳೆ ಕಡಿಮೆಯಿರುವುದರಿಂದ ಒಂದಿಷ್ಟು ಪುಟ ಅಚ್ಚಾಗಿ ಮುಗಿದರೆ ಬಿಚ್ಚಿ ಮುಂದಿನವಕ್ಕೆ ಬಳಸುತ್ತಿದ್ದರು. ಹಾಗಾಗಿ ಮರುಮುದ್ರಣವೆಂದರೆ ಮತ್ತೆ ಮೊದಲಿಂದ ಜೋಡಣೆ, ಹೊಸ ತಪ್ಪುಗಳು.

ಹಳೇಪುಟ:
ಫಾರಂ (ಹಾಳೆ ಮಡಿಸಿ ಮಾಡಿದ ಪುಟಗುಚ್ಛ) ಎಣಿಸಿದಾಗ ಅವುಗಳ ಕ್ರಮ ತೋರಿಸುವ ಪುಟದಡಿಯ ಅಕ್ಷರಗಳಲ್ಲಿ ಒಂದು ಕಡಿಮೆ ಬರುತ್ತಿದೆ. ಐ ಆದಮೇಲೆ ಕೆ. ಹಾಳೆ ಬಿದ್ದುಹೋಗಿದೆಯೇ?

ಮೊಳೆಪೆಟ್ಟಿಗೆ:
ಇಲ್ಲ. ಫಾರಂ ಗುರುತಿಗೆ 23 ಅಕ್ಷರದ ವರ್ಣಮಾಲೆ ಬಳಸುತ್ತಿದ್ದರು. ಜೆ ಇಲ್ಲ, ಡಬ್ಲ್ಯೂ ಇಲ್ಲ, ಯು ಮತ್ತು ವಿ ಎರಡರಲ್ಲಿ ಒಂದೇ. ಪುಟಸಂಖ್ಯೆಯೂ ಓದೂ ಸರಿಯಾಗಿ ಮುಂದುವರಿದರೆ ಪ್ರತಿ ಪೂರ್ಣವಾಗಿದೆ.