‘ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತೆ, ಗೆಳೆಯನದರಲ್ಲಿ ಓಡಲ್ಲ’: ಪ್ಯಾಕೇಜ್‌ಗಳ ಬಗ್ಗೆ ಪ್ರಶ್ನೋತ್ತರ

ನಮಸ್ಕಾರ. ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಣ್ಣ ಕಂಪನಿಯಲ್ಲಿ ಬ್ಯಾಕೆಂಡ್ ಕೆಲಸ ಮಾಡುತ್ತೇನೆ. 14 ವರ್ಷ ಆಯಿತು. ಪ್ಯಾಕೇಜ್ (ಬೇರೆಯವರು ಬರೆದಿಟ್ಟ, ನಾವು ತಂದು ಬಳಸುವ ಕೋಡ್), ಡಿಪೆಂಡೆನ್ಸಿ (ನಮ್ಮ ಕೋಡ್ ನೆಚ್ಚಿಕೊಂಡ ಪ್ಯಾಕೇಜ್) ಬಗ್ಗೆ ಏನಿದ್ದರೂ ಕೇಳಿ ಎಂದು ಸೋಮವಾರ ಗುಂಪಿನಲ್ಲಿ ಹಾಕಿದ್ದೆ. ಬಂದ ಪ್ರಶ್ನೆಗಳಿಗೆ ಇಲ್ಲೇ ಉತ್ತರಿಸುತ್ತೇನೆ.

ಪ್ರಶ್ನೆ (ಹಾವೇರಿ): ಬ್ಯಾಡಗಿ ಮೆಣಸಿನಕಾಯಿ ದರ ಅಂದಾಜು ಮಾಡುವ ಪ್ರಾಜೆಕ್ಟ್ ಮಾಡಿದ್ದೇನೆ ಸರ್. 2023ರಿಂದ ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಓಡುತ್ತಿದೆ. ಗೆಳೆಯ ಅದೇ ಕೋಡ್, ಅದೇ ರಿಕ್ವೈರ್‌ಮೆಂಟ್ಸ್ ಫೈಲ್ (ಬೇಕಾದ ಪ್ಯಾಕೇಜ್‌ಗಳ ಪಟ್ಟಿ) ತೆಗೆದುಕೊಂಡು ಹಾಕಿದರೆ ‘ನಂಪೈ ಡಿಟೈಪ್ ಸೈಜ್ ಚೇಂಜ್ಡ್’ ಎಂದು ಎರರ್ ಬರುತ್ತಿದೆ. ಪೈಥಾನ್ ಇಬ್ಬರದೂ 3.11. ಫೈಲ್‌ನಲ್ಲಿ ಪಾಂಡಾಸ್ 1.5.3 ಎಂದು ಸರಿಯಾಗಿ ಬರೆದಿದ್ದೇನಲ್ಲ?

ಉತ್ತರ: ಕೋಷ್ಟಕಗಳ ಲೆಕ್ಕಕ್ಕೆ ಬಳಸುವ ಪಾಂಡಾಸ್ ಬರೆದಿದ್ದೀರಿ, ಅದು ಅಂಕಿಗಳ ಲೆಕ್ಕಕ್ಕೆ ನೆಚ್ಚಿಕೊಂಡ ನಂಪೈ ಬರೆದಿಲ್ಲ. ಎಡವಿದ್ದು ಅಲ್ಲೇ. ಪಾಂಡಾಸ್ ಒಳಗೆ ಮೊದಲೇ ಕಂಪೈಲ್ ಆಗಿರುವ (ಯಂತ್ರದ ಭಾಷೆಗೆ ತಿರುಗಿದ) ಭಾಗಗಳಿವೆ. 1.5.3 ಬಂದದ್ದು ಜನವರಿ 2023ರಲ್ಲಿ. ಆಗ ಇದ್ದದ್ದು ನಂಪೈ 1 ಮಾತ್ರ, ಅದರ ಅಳತೆಗೇ ಅದು ಕಂಪೈಲ್ ಆಗಿದೆ. ಜೂನ್ 2024ರಲ್ಲಿ ನಂಪೈ 2.0 ಬಂತು, ಒಳಗಿನ ಅಳತೆ ಬದಲಾಯಿತು. ಪಾಂಡಾಸ್ 1.5.3 ತನಗೆ ಬೇಕಾದ ನಂಪೈ ‘ಕನಿಷ್ಠ ಇಷ್ಟಿರಲಿ’ ಎನ್ನುತ್ತದೆ, ‘ಇದಕ್ಕಿಂತ ಮೇಲೆ ಬೇಡ’ ಎನ್ನುವುದಿಲ್ಲ. ಹಾಗಾಗಿ ಈಗ ಇನ್‌ಸ್ಟಾಲ್ ಮಾಡುವವರಿಗೆ ಪಿಪ್ (ಪೈಥಾನ್ ಪ್ಯಾಕೇಜ್ ತರುವ ಟೂಲ್) ನಂಪೈ 2 ತಂದುಕೊಡುತ್ತದೆ. ನಿಮ್ಮಲ್ಲಿ 2023ರದ್ದು ಹಾಗೇ ಕೂತಿದೆ. ಫೈಲ್ ಒಂದೇ, ಆದರೆ ಬಂದ ಸಾಮಾನು ಬೇರೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಸುಮ್ನೆ ‘ಒಂದು ಚೀಲ ಮೆಣಸಿನಕಾಯಿ’ ಎಂದರೆ ಕಡ್ಡಿನೋ ಡಬ್ಬಿನೋ ಎಂದು ಕೇಳುತ್ತಾರೆ. ಪಿಪ್ ಕೇಳುವುದಿಲ್ಲ. ಹೇಳದೇ ಬಿಟ್ಟದ್ದನ್ನು ತಾನೇ ಆರಿಸುತ್ತದೆ.

ಇವತ್ತಿಗೆ ನಂಪೈ 1.26.4 ಎಂದು ಒಂದು ಸಾಲು ಸೇರಿಸಿ, ಕೆಲಸ ಆಗುತ್ತದೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ನೀವು ಕೈಯಾರೆ ಬೇಕೆಂದು ತಂದವು ಮೂರೋ ನಾಲ್ಕೋ ಇರಬಹುದು. ಅವುಗಳ ಬೆನ್ನಿಗೆ ಬಂದವು ಇನ್ನೂ ಜಾಸ್ತಿ. ಎರಡು ಫೈಲ್ ಇಡಿ. ಒಂದರಲ್ಲಿ ನಿಮಗೆ ಬೇಕಾದವು ಮಾತ್ರ. ಇನ್ನೊಂದು ಲಾಕ್ ಫೈಲ್: ಬೆನ್ನಿಗೆ ಬಂದವೂ ಸೇರಿ ಎಲ್ಲದರ ನಿಖರ ವರ್ಷನ್. ಇದನ್ನು ಪಿಪ್‌ಟೂಲ್ಸ್, ಪೊಯೆಟ್ರಿ, ಯುವಿ, ಯಾವುದಾದರೂ ಬರೆದುಕೊಡುತ್ತದೆ. ಬೇಕೆಂದರೆ ಪ್ರತಿ ಪ್ಯಾಕೇಜಿನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತು) ಕೂಡ ಇಡಬಹುದು. ಆಗ ಅದೇ ವರ್ಷನ್ ಹೆಸರಿನಲ್ಲಿ ಬೇರೆ ಫೈಲ್ ಬಂದರೂ ಇನ್‌ಸ್ಟಾಲ್ ನಿಲ್ಲುತ್ತದೆ. ಎರಡೂ ಫೈಲ್ ಗಿಟ್‌ನಲ್ಲಿ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಟೂಲ್) ಇರಲೇಬೇಕು.

‘ಇರಲೇಬೇಕು’ ಎಂದು ಒತ್ತಿ ಹೇಳಲು ಕಾರಣ ಇದೆ. ಹಿಂದೆ ನಾನಿದ್ದ ತಂಡದಲ್ಲಿ ಲಾಕ್ ಫೈಲ್ ಮರ್ಜ್ ಮಾಡುವಾಗ (ಇಬ್ಬರ ಬದಲಾವಣೆ ಕೂಡಿಸುವಾಗ) ಜಗಳ ಕೊಡುತ್ತದೆ ಎಂದು ಅದನ್ನು ಗಿಟ್ ಇಗ್ನೋರ್‌ಗೆ (ಗಿಟ್ ದಾಖಲಿಸಬಾರದ ಫೈಲ್‌ಗಳ ಪಟ್ಟಿ) ಹಾಕಿದ್ದೆವು. ಹಾಕಿದ್ದು ನಾನೇ. ಒಂದು ಶುಕ್ರವಾರ ಸಂಜೆ ಸರ್ವರ್ ಹೊಸದಾಗಿ ಕಟ್ಟಿದೆವು. ನಮ್ಮ ಕೋಡ್‌ನಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಸೋಮವಾರ ಗ್ರಾಹಕರ ಲೆಕ್ಕದವರು ಫೋನ್ ಮಾಡಿ, ಬಿಲ್‌ಗಳಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗಿವೆ ಎಂದರು. ಮಾರ್ಚ್ 7 ಹೋಗಿ ಜುಲೈ 3 ಆಗಿತ್ತು. ಮೂರನೇ ಹಂತದಲ್ಲಿ (ಪ್ಯಾಕೇಜ್ ತಂದ ಪ್ಯಾಕೇಜಿನ ಬೆನ್ನಿಗೆ) ಕೂತಿದ್ದ ಒಂದು ದಿನಾಂಕದ ಪ್ಯಾಕೇಜ್ ಹೊಸದಾಗಿತ್ತು. ಮೊದಲು ಯಾವುದಿತ್ತು ಎಂದು ನೋಡೋಣವೆಂದರೆ ದಾಖಲೆಯೇ ಇಲ್ಲ. ರಜೆಯಲ್ಲಿದ್ದ ಒಬ್ಬ ಸಹೋದ್ಯೋಗಿಯ ಲ್ಯಾಪ್‌ಟಾಪ್ ತೆರೆಸಿ, ಅದರಲ್ಲಿದ್ದ ಹಳೆಯ ನೋಡ್ ಮಾಡ್ಯೂಲ್ಸ್ ಫೋಲ್ಡರ್ (ಇನ್‌ಸ್ಟಾಲ್ ಆದ ಪ್ಯಾಕೇಜ್‌ಗಳು ಇರುವ ಜಾಗ) ನೋಡಿ ವರ್ಷನ್ ಪತ್ತೆ ಮಾಡಿದೆವು. ಆ ಬಿಲ್‌ಗಳನ್ನೆಲ್ಲ ಮತ್ತೆ ಕಳಿಸಿದ್ದು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಪ್ರಶ್ನೆ (ಗದಗ): ನಮ್ಮ ಪ್ರಿಂಟಿಂಗ್ ಪ್ರೆಸ್ ಬಿಲ್ಲಿಂಗ್ ನೋಡ್‌ನಲ್ಲಿದೆ (ಜಾವಾಸ್ಕ್ರಿಪ್ಟ್). ಎನ್‌ಪಿಎಂ (ಪೈಥಾನ್‌ಗೆ ಪಿಪ್ ಇದ್ದಂತೆ ನೋಡ್‌ಗೆ ಇದು) ಆಡಿಟ್ ಕೆಂಪು ಅಕ್ಷರದಲ್ಲಿ 43 ದೋಷ ತೋರಿಸಿತು. ಹೆದರಿ ‘ಆಡಿಟ್ ಫಿಕ್ಸ್ ಫೋರ್ಸ್’ ಕೊಟ್ಟೆ. ಈಗ ಆ್ಯಪ್ ಏಳುತ್ತಲೇ ಇಲ್ಲ.

ಉತ್ತರ: ಮೊದಲು ಗಿಟ್‌ನಲ್ಲಿ ಹಿಂದಿನ ಕಮಿಟ್‌ಗೆ (ಉಳಿಸಿಟ್ಟ ಸ್ಥಿತಿಗೆ) ಹೋಗಿ, ಪ್ಯಾಕೇಜ್ ಫೈಲ್ ಮತ್ತು ಲಾಕ್ ಫೈಲ್ ಎರಡನ್ನೂ ವಾಪಸ್ ತನ್ನಿ. ಆಮೇಲೆ ‘ಎನ್‌ಪಿಎಂ ಸಿಐ’ ಕೊಡಿ. ಅದು ಹಳೆಯ ಫೋಲ್ಡರ್ ಅಳಿಸಿ, ಲಾಕ್ ಫೈಲ್‌ನಲ್ಲಿ ಇರುವುದನ್ನಷ್ಟೇ ತರುತ್ತದೆ. ಎರಡೂ ಫೈಲ್ ತಾಳೆಯಾಗದಿದ್ದರೆ ನಿಂತುಬಿಡುತ್ತದೆ. ಸರ್ವರ್‌ನಲ್ಲಿ ಯಾವಾಗಲೂ ಇದನ್ನೇ ಬಳಸಿ.

ಫೋರ್ಸ್ ಎಂದರೆ ‘ಮೇಜರ್ ವರ್ಷನ್ ದಾಟಿದರೂ ಪರವಾಗಿಲ್ಲ’ ಎಂದು ಒಪ್ಪಿಗೆ ಕೊಟ್ಟಂತೆ. ವರ್ಷನ್‌ನ ಮೊದಲ ಅಂಕಿ ಬದಲಾದರೆ ಹಳೆಯ ಕೋಡ್ ಮುರಿಯಬಹುದು ಎಂದೇ ಅರ್ಥ. ಆಡಿಟ್ ಕೊಡುವಾಗ ‘ಒಮಿಟ್ ಡೆವ್’ ಸೇರಿಸಿ ನೋಡಿ. ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ಬಳಸುವ ಟೂಲ್‌ಗಳು ಬಿಟ್ಟು ಹೋಗುತ್ತವೆ, ಎಷ್ಟೋ ಸಲ ಪಟ್ಟಿ ಕಾಲುಭಾಗಕ್ಕೆ ಇಳಿಯುತ್ತದೆ. ಉಳಿದದ್ದನ್ನು ಒಂದೊಂದಾಗಿ ಏರಿಸಿ. ಪ್ರತಿ ಸಲ ಒಂದು ಬಿಲ್ ಪ್ರಿಂಟ್ ತೆಗೆದು ನೋಡಿ, ಕಮಿಟ್ ಮಾಡಿ.

ಪ್ರಶ್ನೆ (ಧಾರವಾಡ): ಉಬುಂಟು 24.04ರಲ್ಲಿ ಪಿಪ್ ಕೊಟ್ಟರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಎಂದು ತಡೆಯುತ್ತದೆ. ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಸೇರಿಸು ಎಂದು ಸೀನಿಯರ್ ಹೇಳಿದರು.

ಉತ್ತರ: ಬೇಡ. ಉಬುಂಟುವಿನ ಎಷ್ಟೋ ಕೆಲಸ ಅದರ ಸ್ವಂತ ಪೈಥಾನ್ ಮೇಲೇ ನಡೆಯುತ್ತವೆ, ಅದನ್ನು ಕೆಡಿಸಬಾರದು. ಪ್ರತಿ ಪ್ರಾಜೆಕ್ಟ್‌ಗೂ ಒಂದು ವೆನ್ವ್ (ಆ ಪ್ರಾಜೆಕ್ಟ್‌ನ ಪ್ಯಾಕೇಜ್‌ಗಳಿಗೆಂದೇ ಬೇರೆ ಫೋಲ್ಡರ್) ಮಾಡಿಕೊಳ್ಳಿ, ಎರಡೇ ಕಮಾಂಡ್.

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಯಾವ ಪ್ಯಾಕೇಜ್ ನಂಬಬೇಕು ಎಂದು ಹೇಗೆ ತಿಳಿಯುವುದು? ಎಐ ಹೇಳಿದ ಹೆಸರನ್ನು ಹಾಗೇ ಇನ್‌ಸ್ಟಾಲ್ ಮಾಡುತ್ತೇವೆ.

ಉತ್ತರ: ಇದು ಬಿಡಿ ಇನ್ನು ಮುಂದೆ. ಇಲ್ಲವೇ ಇಲ್ಲದ ಪ್ಯಾಕೇಜಿನ ಹೆಸರನ್ನೂ ಎಐ ಹೇಳುತ್ತದೆ. ಆ ಹೆಸರಿನಲ್ಲಿ ಯಾರಾದರೂ ಕೆಟ್ಟ ಕೋಡ್ ಹಾಕಿ ಕಾದಿರಬಹುದು. ಒಂದಕ್ಷರ ತಪ್ಪಿ ಟೈಪ್ ಮಾಡಿದರೂ ಅದೇ ಅಪಾಯ. ಲೈಬ್ರರಿಯ ಸ್ವಂತ ದಾಖಲೆ ಪುಟಕ್ಕೆ ಹೋಗಿ ಹೆಸರು ನೋಡಿಕೊಳ್ಳಿ.

ಆಮೇಲೆ, ನಿಜವಾಗಿ ಬೇಕಾ ಎಂದು ಕೇಳಿಕೊಳ್ಳಿ. ಮಾರ್ಚ್ 2016ರಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕ ಎನ್‌ಪಿಎಂನಿಂದ ತೆಗೆದಾಗ ಜಗತ್ತಿನ ಎಷ್ಟೋ ಬಿಲ್ಡ್‌ಗಳು ನಿಂತುಹೋದವು. ಹತ್ತು ಸಾಲಿನ ಕೆಲಸವನ್ನು ನೀವೇ ಬರೆಯಿರಿ. ಗೂಢಲಿಪಿ, ಪಾಸ್‌ವರ್ಡ್ ಹ್ಯಾಶಿಂಗ್ ಮಾತ್ರ ನೀವು ಬರೆಯಬೇಡಿ, ಹೆಸರಾದ ಲೈಬ್ರರಿ ಬಳಸಿ.

ಹೆಸರಾದದ್ದೂ ಕೈಕೊಡುತ್ತದೆ. 2018ರಲ್ಲಿ ಇವೆಂಟ್‌ಸ್ಟ್ರೀಮ್ ಎಂಬ ಪ್ಯಾಕೇಜನ್ನು ಅದರ ಮೂಲ ಲೇಖಕ, ನಾನು ನೋಡಿಕೊಳ್ಳುತ್ತೇನೆ ಎಂದು ಬಂದವನಿಗೆ ವಹಿಸಿದರು. ಅವನು ಬಿಟ್‌ಕಾಯಿನ್ ಕದಿಯುವ ಇನ್ನೊಂದು ಪ್ಯಾಕೇಜನ್ನು ಅದರೊಳಗೆ ಸೇರಿಸಿದ. ಸೆಪ್ಟೆಂಬರ್ 2025ರಲ್ಲಿ ಚಾಕ್, ಡೀಬಗ್‌ನಂಥ ಪ್ಯಾಕೇಜ್‌ಗಳನ್ನು ನೋಡಿಕೊಳ್ಳುವವರ ಖಾತೆ ನಕಲಿ ಇಮೇಲ್‌ನಿಂದ ಕಳ್ಳರ ಕೈಗೆ ಹೋಯಿತು. ಕೆಟ್ಟ ವರ್ಷನ್‌ಗಳನ್ನು ಕೆಲವೇ ಗಂಟೆಗಳಲ್ಲಿ ತೆಗೆದರು. ಅದಕ್ಕೇ ನಾವು ಹೊಸ ವರ್ಷನ್ ಬಂದ ದಿನವೇ ತೆಗೆದುಕೊಳ್ಳುವುದಿಲ್ಲ, ಒಂದು ವಾರ ಬಿಡುತ್ತೇವೆ. ಭದ್ರತೆಯ ತಿದ್ದುಪಡಿಯಾದರೆ ಮಾತ್ರ ಕಾಯುವುದಿಲ್ಲ.

ಮರುಪ್ರಶ್ನೆ (ಹಾವೇರಿ): ನಂಪೈ ಸಾಲು ಸೇರಿಸಿದೆ, ಗೆಳೆಯನದು ಓಡಿತು ಸರ್! ಹಾಗಾದರೆ ಲಾಕ್ ಮಾಡಿ ಹಾಗೇ ಬಿಟ್ಟರೆ ಸಾಕಾ?

ಉತ್ತರ: ಸಾಲದು. ಡಿಸೆಂಬರ್ 2021ರಲ್ಲಿ ಜಾವಾದ ಲಾಗ್‌ಫೋರ್‌ಜೆ ಎಂಬ ಪ್ಯಾಕೇಜಿನಲ್ಲಿ ದೊಡ್ಡ ದೋಷ ಸಿಕ್ಕಿತು. ಆಗ ಅದು ತಮ್ಮ ಸಾಫ್ಟ್‌ವೇರ್ ಒಳಗೆ ಇದೆಯೋ ಇಲ್ಲವೋ ಎಂಬುದೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಲಾಕ್ ಫೈಲ್ ಇದ್ದರೆ ಒಂದು ಹುಡುಕಾಟದಲ್ಲಿ ಸಿಗುತ್ತದೆ. ನಾವು ತಿಂಗಳಿಗೊಮ್ಮೆ, ಮಂಗಳವಾರ ಬೆಳಿಗ್ಗೆ ಏರಿಸುತ್ತೇವೆ. ಕೆಟ್ಟರೆ ಸರಿಮಾಡಲು ವಾರ ಪೂರ್ತಿ ಇರುತ್ತದೆ. ನೀವೂ ಈ ರಜೆಯಲ್ಲಿ ಪಾಂಡಾಸ್ 2.2.2 ಅಥವಾ ಅದರ ಮೇಲಿನದಕ್ಕೆ ಬನ್ನಿ, ನಂಪೈ 2 ಜೊತೆ ಅದು ಹೊಂದುತ್ತದೆ.

ಮರುಪ್ರಶ್ನೆ (ಹಾವೇರಿ): ಇದನ್ನು ಬ್ಯಾಡಗಿಯ ಒಂದು ಅಂಗಡಿಯ ಕಂಪ್ಯೂಟರ್‌ಗೆ ಹಾಕಬೇಕು. ಅಲ್ಲಿ ನೆಟ್ ಇಲ್ಲ.

ಉತ್ತರ: ‘ಪಿಪ್ ಡೌನ್‌ಲೋಡ್’ ಕೊಟ್ಟು ಲಾಕ್ ಫೈಲ್‌ನಲ್ಲಿರುವ ಎಲ್ಲವನ್ನೂ ಪೆನ್‌ಡ್ರೈವ್‌ನ ಒಂದು ಫೋಲ್ಡರ್‌ಗೆ ಇಳಿಸಿ. ಅಲ್ಲಿ ‘ನೋ ಇಂಡೆಕ್ಸ್’, ‘ಫೈಂಡ್ ಲಿಂಕ್ಸ್’ ಎರಡೂ ಸೇರಿಸಿ ಆ ಫೋಲ್ಡರ್‌ನಿಂದ ಇನ್‌ಸ್ಟಾಲ್ ಮಾಡಿ. ಅಂಗಡಿಯ ಕಂಪ್ಯೂಟರ್ ವಿಂಡೋಸಾ, ಪೈಥಾನ್ ಯಾವ ವರ್ಷನ್ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಂಡು, ಅಂಥದ್ದೇ ಕಂಪ್ಯೂಟರ್‌ನಲ್ಲಿ ಇಳಿಸಿ. ಇಲ್ಲದಿದ್ದರೆ ಹಾವೇರಿಯಿಂದ ಬ್ಯಾಡಗಿಗೆ ಎರಡು ಸಲ ಬಸ್ ಹತ್ತಬೇಕಾಗುತ್ತದೆ.