ಅಪ್ಪನ ಯೆಜ್ಡಿ 19 ವರ್ಷದಿಂದ ನಿಂತಿದೆ, ಕಿಕ್ಕರ್ ಅಲ್ಲಾಡುತ್ತಿಲ್ಲ. ಜೀಪಿಗೆ ಕಟ್ಟಿ ಎಳೆಯಬಹುದಾ?

ಮೂಡಿಗೆರೆ ಮಳೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಅಪ್ಪನ ಯೆಜ್ಡಿ 250 ಒಂದಿದೆ. 1979ರ ಗಾಡಿ, ಪಾಯಿಂಟಿನದು (ತೆರೆದು ಮುಚ್ಚಿ ಪ್ಲಗ್ಗಿಗೆ ಕಿಡಿ ಕೊಡಿಸುವ ಹಳೇ ಕಾಲದ ಸ್ವಿಚ್ಚು), 6 ವೋಲ್ಟ್. 2006ರಲ್ಲಿ ಕೊಯ್ಲು ಮುಗಿದ ಮೇಲೆ ಗೋಡೌನಿನ ಮೂಲೆಗೆ ನಿಲ್ಲಿಸಿದವರು ಮತ್ತೆ ಮುಟ್ಟಲೇ ಇಲ್ಲ. ಈ ಸಲ ಶೀಟು ಬದಲಿಸುವಾಗ ಗೋಣಿಚೀಲದ ರಾಶಿ ತೆಗೆದೆವು, ಅಡಿಯಲ್ಲಿ ಸಿಕ್ಕಿತು. ಏರ್ ಫಿಲ್ಟರ್ ಡಬ್ಬದಲ್ಲಿ ಇಲಿಗಳ ಸಂಸಾರ. ಸೀಟಿನ ಸ್ಪಾಂಜೆಲ್ಲ ಅವುಗಳ ಹಾಸಿಗೆಗೆ ಹೋಗಿದೆ. ಟ್ಯಾಂಕ್ ಅಲ್ಲಾಡಿಸಿದರೆ ಒಳಗೆ ರಾಗಿ ತುಂಬಿದ ಹಾಗೆ ಸದ್ದು.

ಮೊದಲು ಕಿಕ್ಕರನ್ನು ಬಲಗಡೆ ಹುಡುಕಿದೆ, ನಗಬೇಡಿ. "ಎಡಗಡೆ ನೋಡೋ, ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸು" ಅಂತ ಅಪ್ಪ ಜಗಲಿಯಿಂದಲೇ ಕೂಗಿದರು. ತಿರುಗಿಸಿದೆ. ಕಾಲಿಟ್ಟು ನಿಂತರೂ ಕೆಳಗೆ ಹೋಗುವುದಿಲ್ಲ, ಕಲ್ಲಿನ ಹಾಗೆ ನಿಂತಿದೆ. ಹೊಸ ಪ್ಲಗ್ ತಂದಿದ್ದೇನೆ. ಪೇಟೆಯ ಗ್ಯಾರೇಜಿನವರೊಬ್ಬರು ಬಂದು ನೋಡಿ, "ಬ್ಯಾಟರಿ ಹಾಕಿ, ಸೆಕೆಂಡ್ ಗೇರಲ್ಲಿಟ್ಟು ಜೀಪಿಗೆ ಕಟ್ಟಿ ಎಳೀರಿ, ತಾನಾಗೇ ಬಿಡುತ್ತೆ" ಅಂದರು. ಅಪ್ಪನ ಸಲಹೆ ಇನ್ನೂ ಸುಲಭ: "ಗುಜರಿಗೆ ಹಾಕು."

ಜೀಪು ಇದೆ, ಹಗ್ಗವೂ ಇದೆ. ಎಳೆಯಲಾ?

ಡಿಪೋ ಸ್ಪ್ಯಾನರ್, ಹಾಸನ:

ಎಳೀಬೇಡ ತಮ್ಮಾ. ಹಗ್ಗವನ್ನು ಹಸುವಿಗೆ ಇಟ್ಟುಕೋ.

ನಾನು ಬಸ್ ಡಿಪೋದಲ್ಲಿ ಮೂವತ್ತು ವರ್ಷ ಡೀಸೆಲ್ ಇಂಜಿನ್ ಬಿಚ್ಚಿದವನು. ಮನೆಯಲ್ಲಿ ಮಾತ್ರ ಎರಡು ಜಾವಾ, ಒಂದು ಯೆಜ್ಡಿ. ಹೆಂಡತಿ ಬೈಯುವ ಲೆಕ್ಕದಲ್ಲಿ ಮೂರೂ ಒಂದೇ.

ನಿನ್ನ ಇಂಜಿನ್ನಿನಲ್ಲಿ ಆಗಿರುವುದು ಇಷ್ಟೇ. ಎರಡು ಸೈಲೆನ್ಸರ್ ನೋಡಿ ಎರಡು ಸಿಲಿಂಡರ್ ಅಂದುಕೊಳ್ಳುವವರು ಈಗಲೂ ಇದ್ದಾರೆ, ಇರುವುದು ಒಂದೇ. ಅದರೊಳಗೆ ಪಿಸ್ಟನ್ ರಿಂಗು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ತುಕ್ಕಿನಿಂದ ಅಂಟಿದೆ. ಎಕ್ಸಾಸ್ಟ್ ದಾರಿ ತೆರೆದಿದ್ದರೆ ನಿಮ್ಮ ಕಡೆಯ ಮಳೆಗಾಲದ ಗಾಳಿ ಸೀದಾ ಒಳಗೆ ಹೋಗುತ್ತದೆ. ಜೀಪಿನಲ್ಲಿ ಎಳೆದರೆ ಬಿಡಲೂಬಹುದು, ರಿಂಗು ಮುರಿಯಲೂಬಹುದು. ಮುರಿದ ತುಂಡು ಆ ಗೋಡೆಯ ಕಿಂಡಿಗೆ (ಪೋರ್ಟ್) ಸಿಕ್ಕಿಕೊಂಡರೆ ಬೋರ್ ಉದ್ದಕ್ಕೂ ಗೀರು. ಹಿಂದಿನ ಚಕ್ರ ತಟ್ಟನೆ ಕಚ್ಚಿಕೊಂಡರೆ ನೀನೂ ಕೆಳಗೆ.

ಪ್ಲಗ್ ಬಿಚ್ಚು. ಡೀಸೆಲ್ ಅರ್ಧ, ಇಂಜಿನ್ ಆಯಿಲ್ ಅರ್ಧ ಬೆರೆಸಿ ಆ ತೂತಿನಿಂದ ಒಂದು ಟೀ ಲೋಟದಷ್ಟು ಸುರಿ. ಮೇಲೆ ಬಟ್ಟೆ ತುರುಕಿ ನಾಲ್ಕು ದಿನ ಬಿಡು. ದಿನಾ ಸಂಜೆ ಸ್ವಲ್ಪ ಸ್ವಲ್ಪ ಸೇರಿಸು. ಐದನೇ ದಿನ ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರ ಹಿಡಿದು ಹಿಂದೆ ಮುಂದೆ ತೂಗು. ತೊಟ್ಟಿಲು ತೂಗಿದ ಹಾಗೆ, ಅಷ್ಟೇ ಬಲ. ಕೂದಲೆಳೆಯಷ್ಟು ಅಲ್ಲಾಡಿದರೂ ಗೆದ್ದೆ. ಅಲ್ಲಾಡದಿದ್ದರೆ ಹೆಡ್ ಬಿಚ್ಚು, ಮತ್ತೆ ನೆನೆಹಾಕು. ಪಿಸ್ಟನ್ ಮೇಲೆ ಸುತ್ತಿಗೆ ಮಾತ್ರ ಬೇಡ, ಮರದ ತುಂಡು ಇಟ್ಟು ಹೊಡೀತೀನಿ ಅಂತಲೂ ಬೇಡ.

ಬಿಟ್ಟ ಮೇಲೆ ಇಲ್ಲಿ ಬರಿ. ಕಷ್ಟದ ಭಾಗ ಅಲ್ಲಿಂದ ಶುರು.

ಬೆಳ್ಳಿ ಬುಲೆಟ್:

ಅಣ್ಣ ಹೇಳಿದ್ದು ಸರಿ. ನನ್ನದು ಎರಡೇ ಮಾತು.

ಟ್ಯಾಂಕಿಗೆ ಆಸಿಡ್ ಹಾಕಬೇಡಿ. ಅಂಗಡಿಯಲ್ಲಿ ನಿಂಬೆ ಉಪ್ಪು ಸಿಗುತ್ತದೆ. ಲೀಟರ್ ಬಿಸಿನೀರಿಗೆ 100 ಗ್ರಾಂ ಹಾಕಿ ತುಂಬಿಸಿ, ಒಂದು ಹಿಡಿ ಸಣ್ಣ ಜಲ್ಲಿಯನ್ನೂ ಹಾಕಿ ಕುಲುಕಿ, ರಾತ್ರಿ ಬಿಡಿ. ಬೆಳಿಗ್ಗೆ ಚೆಲ್ಲಿ, ಅಡಿಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಿ. ತಡಮಾಡಿದರೆ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ. ಒಣಗಿದ ಮೇಲೆ ಒಂದಿಷ್ಟು ಟೂಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆಸುವ ಆಯಿಲ್) ಹಾಕಿ ಒಳಗೆಲ್ಲ ಆಡಿಸಿ. ಜಲ್ಲಿ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ನಾನು ಎಣಿಸಿರಲಿಲ್ಲ. ಎರಡು ವರ್ಷ ಟ್ಯಾಂಕಿನಲ್ಲಿ ಗೆಜ್ಜೆ ಕಟ್ಟಿಕೊಂಡು ಓಡಾಡಿದೆ.

ಇನ್ನೊಂದು, ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ 20 ಎಥನಾಲ್. ಅದು ಗಾಳಿಯ ನೀರು ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಪೈಪು ಹೊಸದು ಹಾಕಿ. ಗಾಡಿ ಹದಿನೈದು ದಿನ ನಿಲ್ಲುವುದಾದರೆ ಟ್ಯಾಂಕಿನ ಅಡಿಯ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರ್ ಖಾಲಿ ಮಾಡಿ.

ಪೆಟ್ರೋಲಿಗೆ ಬೆರೆಸುವ ಟೂಟಿ ಆಯಿಲ್ ಲೀಟರಿಗೆ 20 ಎಂ.ಎಲ್ ಸಾಕು. ನಮ್ಮ ಹಳೇ ಸ್ಕೂಟರಿಗೆ ಅಷ್ಟೇ ಹಾಕುತ್ತಿದ್ದೆವು.

ಡಿಪೋ ಸ್ಪ್ಯಾನರ್, ಹಾಸನ:

ಬೆಳ್ಳಿ ಬುಲೆಟ್ ಅವರೇ, ನಿಂಬೆ ಉಪ್ಪಿಗೆ ನಮಸ್ಕಾರ. 20 ಎಂ.ಎಲ್‌ಗೆ ಮಾತ್ರ ಇಲ್ಲ. ಅದು ಸ್ಕೂಟರಿನ ಲೆಕ್ಕ. ಇದಕ್ಕೆ ಲೀಟರಿಗೆ 40, ಅಂದರೆ 25ಕ್ಕೆ 1. ಈಗಿನ ಆಯಿಲ್ ಚೆನ್ನಾಗಿದೆ, 30 ಸಾಕು ಅನ್ನುವವರಿದ್ದಾರೆ, ಇರಲಿ. ಆದರೆ 19 ವರ್ಷ ನಿಂತ ಇಂಜಿನ್ನಿಗೆ ಜಿಪುಣತನ ಬೇಡ. ಬೇರೆ ಡಬ್ಬದಲ್ಲಿ ಬೆರೆಸಿ ಕುಲುಕಿ ಆಮೇಲೆ ಟ್ಯಾಂಕಿಗೆ ಹಾಕಬೇಕು.

ಮೂಡಿಗೆರೆ ಮಳೆ:

ಅಣ್ಣಾ, ಬಿಟ್ಟಿತು! ಆರನೇ ದಿನ ಸಂಜೆ. ಚಕ್ರ ತೂಗುತ್ತಾ ಇದ್ದೆ, ಒಳಗೆ "ಕಿರ್" ಅಂತ ಸಣ್ಣ ಸದ್ದು ಬಂತು, ಆಮೇಲೆ ಬೆಣ್ಣೆ. ಪ್ಲಗ್ಗಿನ ತೂತಿನಿಂದ ಕೆಂಪು ಎಣ್ಣೆ ನನ್ನ ಮುಖಕ್ಕೇ ಹಾರಿತು.

ಟ್ಯಾಂಕ್ ತೊಳೆದೆ. ಜಲ್ಲಿ ಎಣಿಸಿ 42 ಹಾಕಿದ್ದೆ, 42 ತೆಗೆದೆ. ಕಾಫಿ ಕಣದಲ್ಲಿ ಬಿಸಿಲಿಗೆ ಕವುಚಿ ಹಾಕಿದ್ದೇನೆ. ಈಗ ಪೆಟ್ರೋಲ್ ಹಾಕಿ ಒದೆಯಬಹುದಾ?

ಡಿಪೋ ಸ್ಪ್ಯಾನರ್, ಹಾಸನ:

ಭೇಷ್. ಒದೆಯಬಹುದು, ಆದರೆ ಮೊದಲು ನನ್ನ ಕತೆ ಕೇಳು.

ಸುಮಾರು ಹತ್ತು ವರ್ಷದ ಹಿಂದೆ ಒಂದು ಯೆಜ್ಡಿ ತಂದೆ. ಹನ್ನೊಂದು ವರ್ಷ ನಿಂತಿದ್ದ ಗಾಡಿ. ಪ್ಲಗ್, ಪಾಯಿಂಟ್, ಕಾರ್ಬೊರೇಟರ್ ಎಲ್ಲ ಕ್ಲೀನ್ ಮಾಡಿ ಮೂರನೇ ಕಿಕ್ಕಿಗೆ ಸ್ಟಾರ್ಟ್. ಬೀದಿಯವರೆಲ್ಲ ಬಂದು ನೋಡಿದರು. ಅದೇ ಜೋರಿನಲ್ಲಿ ಬೇಲೂರಿಗೆ ಹೊರಟೆ. ಹಗರೆ ದಾಟಿದ ಮೇಲೆ ನೋಡಿದರೆ ಆಕ್ಸೆಲರೇಟರ್ ಬಿಟ್ಟರೂ ಇಂಜಿನ್ ಇಳಿಯುತ್ತಿಲ್ಲ. ನನಗೋ ಖುಷಿ, ಎಂಥಾ ಪಿಕಪ್ ಅಂತ! ಮೂವತ್ತು ವರ್ಷ ಇಂಜಿನ್ ಬಿಚ್ಚಿದವನ ಬುದ್ಧಿ ನೋಡು. ಇನ್ನೆರಡು ಕಿಲೋಮೀಟರ್ ಹೋಗಿರಬಹುದು, ಹಿಂದಿನ ಚಕ್ರ "ಚೀಂ" ಅಂತ ಕಚ್ಚಿಕೊಂಡಿತು. ಕ್ಲಚ್ ಹಿಡಿದೆ, ಬದುಕಿದೆ. ಗಾಡಿ ಹುಲ್ಲಿನ ಲಾರಿಯ ಮೇಲೆ ಮನೆಗೆ ಬಂತು. ಪಿಸ್ಟನ್ ಹೋಗಿತ್ತು, ಬೋರಿನಲ್ಲಿ ಮೂರು ಗೀರು. ಲೇತಿನಲ್ಲಿ ರೀಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕಾಯಿತು.

ತಪ್ಪು ಪ್ಲಗ್ಗಿನಲ್ಲೂ ಇರಲಿಲ್ಲ, ಕಾರ್ಬೊರೇಟರಿನಲ್ಲೂ ಇರಲಿಲ್ಲ. ಕ್ರಾಂಕಿನ, ಅಂದರೆ ಪಿಸ್ಟನ್ನಿನ ಕೆಳಗೆ ತಿರುಗುವ ದಂಡದ, ಆಯಿಲ್ ಸೀಲ್. ಒಂದು ರಬ್ಬರ್ ಬಳೆ, ಅಷ್ಟೇ.

ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿನ ಕೆಳಗಿನ ಕ್ರಾಂಕ್ ಕೋಣೆ ಒಂದು ಪಂಪು ಇದ್ದ ಹಾಗೆ. ಪಿಸ್ಟನ್ ಮೇಲೆ ಹೋದಾಗ ಕಾರ್ಬೊರೇಟರಿನಿಂದ ಪೆಟ್ರೋಲು, ಆಯಿಲು, ಗಾಳಿ ಮೂರನ್ನೂ ಎಳೆದುಕೊಳ್ಳುತ್ತದೆ. ಕೆಳಗೆ ಬಂದಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸುತ್ತದೆ. ಆ ಕೋಣೆಯಿಂದ ಒಂದು ಉಸಿರೂ ಸೋರಬಾರದು. ಅದನ್ನು ಮುಚ್ಚಿಟ್ಟಿರುವುದು ಕ್ರಾಂಕಿನ ಎರಡು ತುದಿಯ ಸೀಲು. ವರ್ಷಗಟ್ಟಲೆ ನಿಂತರೆ ಅವು ಒಣಗಿ ಹಪ್ಪಳ ಆಗುತ್ತವೆ. ಸ್ಟಾರ್ಟ್ ಆಗುವುದಕ್ಕೆ ಅಡ್ಡಿ ಮಾಡದೆ ಇರಬಹುದು, ಅದೇ ಮೋಸ.

ಬಲಗಡೆ, ಡೈನಮೊ ಕಡೆಯ ಸೀಲು ಹೋದರೆ ಸುಮ್ನೆ ಗಾಳಿ ಎಳೆಯುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಅದರ ಜೊತೆ ಬರುವ ಆಯಿಲೂ ಕಮ್ಮಿ. ಇಂಜಿನ್ ತಾನಾಗೇ ಏರುತ್ತದೆ, ಬಿಸಿಯಾಗುತ್ತದೆ, ಕಚ್ಚುತ್ತದೆ. ನನ್ನದು ಇದೇ. ಎಡಗಡೆ, ಕ್ಲಚ್ ಕಡೆಯ ಸೀಲು ಹೋದರೆ ಗೇರ್ ಆಯಿಲನ್ನು ಎಳೆದು ಸುಡುತ್ತದೆ. ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಪ್ಲಗ್ ದಿನಾ ಒದ್ದೆ, ಗೇರ್ ಆಯಿಲ್ ಇಳಿಯುತ್ತಾ ಹೋಗುತ್ತದೆ. ಆಯಿಲ್ ಮಿಕ್ಸ್ ಜಾಸ್ತಿಯಾಯಿತು ಅಂದುಕೊಂಡು ಅದನ್ನು ಕಮ್ಮಿ ಮಾಡುತ್ತಾರೆ ಜನ. ಅಲ್ಲಿಗೆ ಎರಡನೇ ಅನಾಹುತ.

ಈಗ ನಿನ್ನ ಕೆಲಸ. ಬಲಗಡೆ ಕವರ್ ಬಿಚ್ಚು, ಪಾಯಿಂಟ್ ಕಾಣುತ್ತದೆ. ಸಣ್ಣ ಎಮರಿ ಕಾಗದದಲ್ಲಿ ಒಂದೆರಡು ಸಲ ಉಜ್ಜಿ ಪೆಟ್ರೋಲ್ ಬಟ್ಟೆಯಿಂದ ಒರೆಸು. ಪೂರ್ತಿ ತೆರೆದಾಗ ಗ್ಯಾಪ್ 0.4 ಮಿಲಿಮೀಟರ್, ಫೀಲರ್ ಗೇಜ್ ಇಟ್ಟೇ ನೋಡು. ಪಾಯಿಂಟ್ ಕೂತಿರುವ ಪ್ಲೇಟನ್ನು ತಿರುಗಿಸಬೇಡ, ಟೈಮಿಂಗ್ (ಕಿಡಿ ಬರುವ ಹೊತ್ತು) ಹೋಗುತ್ತದೆ. ಹಳೇ ಕಂಡೆನ್ಸರ್ ತೆಗೆದು ಹೊಸದು ಹಾಕು. ಈ ಗಾಡಿಗೆ ಬ್ಯಾಟರಿಯಿಂದಲೇ ಕಿಡಿ, ಹಾಗಾಗಿ ಹೊಸ 6 ವೋಲ್ಟ್ ಬ್ಯಾಟರಿ ಇಲ್ಲದೆ ಒದ್ದರೆ ಕಾಲು ನೋವು ಮಾತ್ರ. ಜಿಕೋವ್ ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲ್ ಹೋಗುವ ಸಣ್ಣ ತೂತಿನ ಜೆಟ್ಟಿಗೆ ಗಾಳಿ ಹೊಡೆಸು, ತಂತಿ ತುರುಕಬೇಡ. ಗೇರ್ ಆಯಿಲ್ ಹೊಸದು ಹಾಕಿ ಎಷ್ಟಿದೆ ಅಂತ ಗುರುತು ಮಾಡಿಕೋ. ಕ್ಲಚ್ ಪ್ಲೇಟು ಒಂದಕ್ಕೊಂದು ಅಂಟಿರುತ್ತವೆ, ಎಡಗಡೆ ಕವರ್ ತೆಗೆದು ಬಿಡಿಸಿಕೋ. ಸೈಲೆನ್ಸರಿನ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಕೊಳವೆ) ಎಳೆದು ನೋಡು, ಹಳೇ ಕರಿ ಕಟ್ಟಿ ಉಸಿರು ನಿಂತಿರುತ್ತದೆ.

ಸ್ಟಾರ್ಟ್ ಆದ ಮೇಲೆ ಮೊದಲ ದಿನ ಸ್ಟ್ಯಾಂಡಿನ ಮೇಲೇ ಇರಲಿ. ತಾನಾಗೇ ಏರಿದರೆ ಕೀ ಆಫ್ ಮಾಡು, ಖುಷಿಪಡಬೇಡ.

ಕೋಟೆ ರಸ್ತೆ:

ಕಾಗದಪತ್ರ ಯಾರೂ ಕೇಳಲಿಲ್ಲ, ನಾನು ಹೇಳುತ್ತೇನೆ. ಆರ್‌ಸಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಿಮ್ಮದು ಯಾವತ್ತೋ ಮುಗಿದಿರುತ್ತದೆ. ಗಾಡಿ ಓಡುವ ಹಾಗಾದ ಮೇಲೆ ಚಿಕ್ಕಮಗಳೂರು ಆರ್‌ಟಿಓಗೆ ತೋರಿಸಬೇಕು, ದಂಡವೂ ಸೇರುತ್ತದೆ. ಚಾಸಿ ನಂಬರಿನ ಮೇಲೆ ಪೇಂಟ್ ಬಳಿಯಬೇಡಿ ದಯವಿಟ್ಟು. ಯಾರಾದರೂ "ವಿಂಟೇಜ್ ಮಾಡಿಸಿ" ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. 2021ರ ನಿಯಮದಲ್ಲಿ ಅದಕ್ಕೆ 50 ವರ್ಷ ದಾಟಿರಬೇಕು, ಮೇಲಾಗಿ ದಿನದ ಓಡಾಟಕ್ಕೆ ಬಳಸುವ ಹಾಗಿಲ್ಲ.

ಬಿಡಿಭಾಗ: ಮೈಸೂರಿನ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದರೂ ಸೀಲು, ಪಾಯಿಂಟು, ಪಿಸ್ಟನ್ ಈಗಲೂ ಸಿಗುತ್ತವೆ. ಬೆಂಗಳೂರು ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಹೊಸ ಯೆಜ್ಡಿಯ ಶೋರೂಮಿಗೆ ಹೋಗಬೇಡಿ, ಅವೆಲ್ಲ ಫೋರ್ ಸ್ಟ್ರೋಕ್. ಹೆಸರೊಂದೇ ಕೂಡುತ್ತದೆ, ನಟ್ಟು ಕೂಡುವುದಿಲ್ಲ. ನಾನು ಹೋಗಿ ಕೇಳಿ ನಗೆಪಾಟಲಾದವನು.

ಮೂಡಿಗೆರೆ ಮಳೆ:

ಮೂರು ವಾರ ಆಯಿತು, ಕ್ಷಮಿಸಿ. ಮಳೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ.

ಗಾಡಿ ಸ್ಟಾರ್ಟ್ ಆಗಿದೆ. ಅಣ್ಣ ಹೇಳಿದ್ದನ್ನೆಲ್ಲ ಮಾಡಿದೆ. ಕಂಡೆನ್ಸರ್ ಬದಲಿಸುವ ತನಕ ಕಿಡಿ ಹಳದಿಯಾಗಿ ಬರುತ್ತಿತ್ತು, ಆಮೇಲೆ ನೀಲಿ. ಎಡ ಸೈಲೆನ್ಸರಿನಲ್ಲಿ ಇಲಿ ಕೂಡಿಟ್ಟ ಕಾಫಿ ಬೀಜ ಒಂದು ಹಿಡಿ. ನಾನು ಇಪ್ಪತ್ತು ಸಲ ಒದ್ದೆ, ಆಗಲಿಲ್ಲ. ಅಪ್ಪ ಜಗಲಿಯಿಂದ ಇಳಿದು ಬಂದರು. ಕಾರ್ಬೊರೇಟರಿನ ಟಿಕ್ಲರನ್ನು ಬೆರಳಿಂದ ಒತ್ತಿ ಪೆಟ್ರೋಲ್ ಒಸರಿಸಿದರು, ಕೀ ಹಾಕದೆ ಎರಡು ಸಲ ಮೆಲ್ಲಗೆ ಒತ್ತಿದರು, ಆಮೇಲೆ ಕೀ ಹಾಕಿ ಒಂದು ಸಲ. ಅಷ್ಟೇ. ಕಣವೆಲ್ಲ ಹೊಗೆ, ನಾಯಿ ಕೆರೆ ಕಡೆ ಓಡಿತು.

ತಾನಾಗೇ ಏರುತ್ತಿಲ್ಲ. ಆದರೆ ಹೊಗೆ ನಿಲ್ಲುತ್ತಿಲ್ಲ. ಸೈಲೆನ್ಸರಿನ ಹಳೇ ಎಣ್ಣೆ ಇರಬಹುದು ಅಂತ ಅರ್ಧ ಗಂಟೆ ಬಿಟ್ಟೆ, ಮಾರನೇ ದಿನವೂ ಓಡಿಸಿದೆ. ಬಿಳಿ ಹೊಗೆ ಹಾಗೇ ಇದೆ. ಗೇರ್ ಆಯಿಲ್ ನನ್ನ ಗುರುತಿಗಿಂತ ಕೆಳಗೆ ಹೋಗಿದೆ.

ಡಿಪೋ ಸ್ಪ್ಯಾನರ್, ಹಾಸನ:

ಎಡಗಡೆ ಸೀಲು. ತರಿಸುವಾಗ ಬಲಗಡೆಯದೂ ತರಿಸು. ಎರಡೂ ಒಂದೇ ವಯಸ್ಸಿನವು, ಒಂದು ಹೋದ ಮೇಲೆ ಇನ್ನೊಂದು ಎಷ್ಟು ದಿನ? ಇಂಜಿನ್ ಇಳಿಸಿದರೆ ಕ್ರಾಂಕ್ ಬೇರಿಂಗನ್ನೂ ಕೈಯಲ್ಲಿ ತಿರುಗಿಸಿ ನೋಡು. ಮರಳು ಸಿಕ್ಕಿದ ಹಾಗೆ ಅನ್ನಿಸಿದರೆ ಅದೂ ಹೊಸದು.

ಅಲ್ಲಿಯ ತನಕ ಆಯಿಲ್ ಮಿಕ್ಸ್ 40ರಿಂದ ಇಳಿಸಬೇಡ, ಹೊಗೆ ಬಂದರೆ ಬರಲಿ. ರಸ್ತೆಗೆ ಮಾತ್ರ ಇಳಿಸಬೇಡ. ಕೀ ಅಪ್ಪನ ಹತ್ತಿರ ಕೊಟ್ಟಿರು, ನಿನ್ನ ಕೈ ಸುಮ್ಮನಿರುವುದಿಲ್ಲ.

ಮೂಡಿಗೆರೆ ಮಳೆ:

ಕೀ ಅವರ ಹತ್ತಿರವೇ ಇದೆ ಅಣ್ಣಾ. ಬೆಳಿಗ್ಗೆ ಹಾಲು ತರುತ್ತೇನೆ ಅಂತ ಅದರಲ್ಲೇ ಹೋಗಿದ್ದಾರೆ, ಇನ್ನೂ ಬಂದಿಲ್ಲ. ಜೀಪು ತೆಗೆದುಕೊಂಡು ಹೊರಟಿದ್ದೇನೆ. ಹಗ್ಗ ಹಾಕಿಕೊಂಡಿದ್ದೇನೆ, ಬೈಯಬೇಡಿ.