ಆಟಮ್ ಎನ್270 ನೆಟ್‌ಬುಕ್‌ಗೆ ಯಾವ ಲಿನಕ್ಸ್?

ಹಳೇಡಬ್ಬ: ಆಟಮ್ ಎನ್270, 1 ಜಿಬಿ ರ‍್ಯಾಮ್. ಹೊಸ ಲುಬುಂಟು (ಹಗುರ ಲಿನಕ್ಸ್) ಪೆನ್‌ಡ್ರೈವ್ ಹಾಕಿದರೆ ಶುರುವಿನಲ್ಲೇ ನಿಂತುಬಿಡುತ್ತೆ. ಕನ್ನಡ ಟೈಪಿಂಗ್, ಪಿಡಿಎಫ್ ಓದೋದು, ಇಷ್ಟೇ ಕೆಲಸ. ಏನು ಹಾಕಲಿ?

ಟರ್ಮಿನಲ್ ತಿಮ್ಮ: ಅದು ಬರೀ 32-ಬಿಟ್ ಪ್ರೊಸೆಸರ್ ಸಾರ್. ಲುಬುಂಟು 18.10ರ ನಂತರ 32-ಬಿಟ್ ಆವೃತ್ತಿ ನಿಲ್ಲಿಸಿತು. ಇನ್ನೊಂದು ಲಿನಕ್ಸ್ ಡೆಬಿಯನ್ 13ರಲ್ಲೂ 32-ಬಿಟ್ ಇನ್‌ಸ್ಟಾಲರ್ ಇಲ್ಲ. ಹಳೇ ಯಂತ್ರಗಳಿಗೆ ಹೊಂದುವ ಹಗುರ ಲಿನಕ್ಸ್ ಆಂಟಿಎಕ್ಸ್ 23ರ '386' (ಅಂದರೆ 32-ಬಿಟ್) ಐಎಸ್‌ಒ ಫೈಲ್ ಇಳಿಸಿಕೊಳ್ಳಿ. ಅದನ್ನು ಪೆನ್‌ಡ್ರೈವ್‌ಗೆ ಬರೆಯುವ ರೂಫಸ್ ತಂತ್ರಾಂಶದಲ್ಲಿ ಪಾರ್ಟಿಷನ್ ಸ್ಕೀಮ್ (ಡಿಸ್ಕ್ ವಿಭಾಗಿಸುವ ಬಗೆ) ಎಂಬಿಆರ್ ಇರಲಿ. ಜಿಪಿಟಿ ಇಟ್ಟರೆ ಹಳೇ ಬಯೋಸ್ ಪೆನ್‌ಡ್ರೈವನ್ನು ಮೂಸಿಯೂ ನೋಡಲ್ಲ. ಇನ್‌ಸ್ಟಾಲ್ ಮಾಡುವಾಗ 2 ಜಿಬಿ ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಬಿಡಿ.

ಡಿಡಿಆರ್2: ಮೊದಲು ರ‍್ಯಾಮ್ ಬದಲಿಸಿ. ಇದರ ಚಿಪ್‌ಸೆಟ್ ಗರಿಷ್ಠ 2 ಜಿಬಿ ಹಿಡಿಯುತ್ತೆ, ಲ್ಯಾಪ್‌ಟಾಪ್ ಡಿಡಿಆರ್2 ಕಡ್ಡಿ, 200 ಪಿನ್. ಡೆಸ್ಕ್‌ಟಾಪ್ ಕಡ್ಡಿ ತಂದರೆ ಕೂರಲ್ಲ. ದುಡ್ಡು ಮಿಕ್ಕರೆ ಸಾಟಾ ಎಸ್‌ಎಸ್‌ಡಿ. ಬ್ರೌಸರ್ ವಿಷಯದಲ್ಲಿ ಮಾತ್ರ ಆಸೆ ಬೇಡ: ಫೈರ್‌ಫಾಕ್ಸ್ 144ರ ನಂತರ 32-ಬಿಟ್ ಲಿನಕ್ಸ್ ಬೆಂಬಲ ಮುಗಿಯಿತು, ಅದರ ದೀರ್ಘಾವಧಿ ಬೆಂಬಲದ ಆವೃತ್ತಿ ಇಎಸ್‌ಆರ್ 140ರಲ್ಲೇ ಇರಬೇಕು.

ಗುಬ್ಬಿಗೂಡು: ಅಕ್ಷರದ ಜಾಗದಲ್ಲಿ ಡಬ್ಬಿ ಕಂಡರೆ ಗುಬ್ಬಿ ಫಾಂಟ್ ಪ್ಯಾಕೇಜ್ ಹಾಕಿ. ಟೈಪಿಂಗ್‌ಗೆ ಐಬಸ್ (ಭಾಷೆ ಬದಲಿಸಿ ಟೈಪ್ ಮಾಡುವ ತಂತ್ರಾಂಶ) ಜೊತೆ ಎಂ17ಎನ್ (ಕೀಲಿಮಣೆಗಳ ಪ್ಯಾಕೇಜ್) ಹಾಕಿದರೆ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತೆ, ನುಡಿ ಅಭ್ಯಾಸ ಇದ್ದವರಿಗೆ ಕೈ ತಪ್ಪಲ್ಲ. ಪಿಡಿಎಫ್‌ಗೆ ಎಂಯುಪಿಡಿಎಫ್ ಸಾಕು.